ಚರ್ಚಿನ ಹಿಂದಿನ ಕಾಲುಸೇತುವೆ

ವಿಚಿತ್ರ ಅನುಭವಗಳನ್ನು ಹೇಳಿಕೊಳ್ಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ರೇಗುತ್ತಿತ್ತು. ಅವರ ಕಥೆಗಳಲ್ಲಿ ಯಾವುದೂ ಗಟ್ಟಿಯಾಗಿ ಕೈಗೆ ಸಿಗುವುದಿಲ್ಲ. ಎಷ್ಟು ಗಂಟೆಯಾಗಿತ್ತು ಎಂದರೆ ‘ಕತ್ತಲಾಗಿತ್ತು’ ಎನ್ನುತ್ತಾರೆ. ಯಾವ ಕಡೆಯಿಂದ ಬಂತು ಎಂದರೆ ‘ಹಾಗೇ ಬಂತು’ ಎನ್ನುತ್ತಾರೆ. ಜೊತೆಯಲ್ಲಿ ಯಾರಿದ್ದರು ಎಂದರೆ, ಇದ್ದವರು ಈಗ ಬದುಕಿರುವುದಿಲ್ಲ. ನಾನು ಹೈಸ್ಕೂಲಿನಿಂದ ದಿನಚರಿ ಬರೆಯುವವಳು. ಹತ್ತಿದ ಬಸ್ಸು, ಇಳಿದ ಹೊತ್ತು, ತಿಂಗಳಲ್ಲಿ ರೈಲು ತಡವಾದದ್ದು ಎಷ್ಟು ಸಲ, ಎಲ್ಲಕ್ಕೂ ಗೀಟು ಹಾಕಿಡುವ ಅಭ್ಯಾಸ ನನ್ನದು. ಇಂಥವಳು ಅಂಥದ್ದೇ ಒಂದು ಕಥೆ ಹೇಳಲು ಹೊರಟಿದ್ದೇನೆ. ನಿಮಗೆ ರೇಗಿದರೆ ತಪ್ಪಿಲ್ಲ, ನನಗೇ ನನ್ನ ಮೇಲೆ ರೇಗಿದೆ.

ಎರಡು ಸಾವಿರದ ಆರನೇ ಇಸವಿ. ಆಗ ನಾನು ಸ್ವೀಡನ್ನಿನ ಗೋಥೆನ್‌ಬರ್ಗಿನ ಒಂದು ಸಣ್ಣ ಕಂಪನಿಯಲ್ಲಿದ್ದೆ. ಇಂಗ್ಲೆಂಡಿನ ಒಂದು ಜಿಲ್ಲೆಗೆ ಬಸ್ಸು, ರೈಲುಗಳ ದಾರಿ ತೋರಿಸುವ ವೆಬ್‌ಸೈಟ್ ಮಾಡಿಕೊಡುವುದು ನಮ್ಮ ಕೆಲಸ. ಇಲ್ಲಿಂದ ಅಲ್ಲಿಗೆ ಎಂದು ಟೈಪ್ ಮಾಡಿದರೆ ಯಾವ ಬಸ್ಸು, ಎಲ್ಲಿ ಇಳಿಯಬೇಕು, ಎಷ್ಟು ದೂರ ನಡೆಯಬೇಕು ಎಂದು ಅದು ಹೇಳಬೇಕು. ನನ್ನ ಪಾಲಿಗೆ ಬಂದದ್ದು ನದಿ ದಡದ ಒಂದು ಸಂತೆಯ ಊರು. ಹೆಸರು ಬೇಡ. ಆ ಊರಿಗೆ ನಾನು ಇವತ್ತಿನವರೆಗೂ ಕಾಲಿಟ್ಟಿಲ್ಲ, ಆದರೆ ಹುಟ್ಟಿದ ಊರಿಗಿಂತ ಚೆನ್ನಾಗಿ ಅದು ಗೊತ್ತು. ನದಿ ಊರನ್ನು ಮೂರು ಕಡೆ ಸುತ್ತಿಕೊಂಡು ಹೋಗುತ್ತದೆ, ನಾಲ್ಕನೆಯ ಕಡೆ ದಿಬ್ಬ. ಹಿಂದೆ ದೋಣಿಗಳಲ್ಲಿ ಕಲ್ಲಿದ್ದಲು ಬರುತ್ತಿತ್ತು, ಧಾನ್ಯ ಹೋಗುತ್ತಿತ್ತು. ಆಮೇಲೆ ರೈಲು ಬಂತು, ದೋಣಿಗಳು ನಿಂತವು. ರೈಲು ಕಂಪನಿಯವರು ನದಿ ದಾಟುವ ಖರ್ಚು ಉಳಿಸಲು ನಿಲ್ದಾಣವನ್ನು ಆಚೆ ದಡದಲ್ಲೇ, ಚರ್ಚಿನ ಪಕ್ಕದಲ್ಲಿ ಕಟ್ಟಿದರು. ಆಮೇಲೆ ರೈಲೂ ನಿಂತಿತು. ನಿಲ್ದಾಣದಲ್ಲಿ ಈಗ ಟೈಲ್ಸ್ ಮಾರುತ್ತಾರೆ. ಉಳಿದದ್ದು ಗಂಟೆಗೊಂದು ಬಸ್ಸು. ಬುಧವಾರ ಸಂತೆಯ ದಿನ ಚೌಕದ ತುಂಬ ಅಂಗಡಿಗಳಿರುವುದರಿಂದ ಆ ಬಸ್ಸೂ ಚೌಕಕ್ಕೆ ಬರುವುದಿಲ್ಲ, ಆಚೆ ದಡದ ಚರ್ಚಿನ ಹತ್ತಿರವೇ ನಿಲ್ಲುತ್ತದೆ. ಈ ಒಂದು ಬುಧವಾರದ ನಿಯಮವನ್ನು ಕಂಪ್ಯೂಟರಿಗೆ ಅರ್ಥ ಮಾಡಿಸಲು ನನಗೆ ಬೇಸಿಗೆಯೆಲ್ಲ ಹಿಡಿಯಿತು.

ಅದಕ್ಕಿಂತ ದೊಡ್ಡ ತಲೆನೋವು ಒಂದು ಕಾಲುಸೇತುವೆ. ಚರ್ಚಿನಿಂದ ಸಂತೆ ಚೌಕಕ್ಕೆ ಹೋಗಬೇಕಾದರೆ ಕೆಳಗಿನ ಕಲ್ಲಿನ ಸೇತುವೆಯವರೆಗೆ ಸುತ್ತು ಹಾಕಬೇಕು, ಮುಕ್ಕಾಲು ಗಂಟೆಯ ನಡಿಗೆ. ಆದರೆ ನಮ್ಮ ವೆಬ್‌ಸೈಟ್ ‘ಚರ್ಚಿನ ಹಿಂದೆ ಹೋಗಿ, ಕಾಲುಸೇತುವೆ ದಾಟಿ, ಐದು ನಿಮಿಷ’ ಎನ್ನುತ್ತಿತ್ತು. ಅಲ್ಲಿ ಸೇತುವೆಯೇ ಇಲ್ಲ. ಒಂದು ಕಾಲದಲ್ಲಿ ಇತ್ತಂತೆ, ಪ್ರವಾಹದಲ್ಲಿ ಕೊಚ್ಚಿಹೋಯಿತಂತೆ. ಯಾವುದೋ ಹಳೆಯ ನಕ್ಷೆಯಿಂದ ಎರಡು ಗೆರೆಗಳು ನಮ್ಮ ಮಾಹಿತಿಯೊಳಗೆ ನುಸುಳಿದ್ದವು. ಇಂಥ ತಪ್ಪಿಗೆ ನಮ್ಮ ಕೆಲಸದಲ್ಲಿ ‘ಬಗ್’ ಎನ್ನುತ್ತಾರೆ. ನಾನು ಅಳಿಸುತ್ತಿದ್ದೆ. ಸೋಮವಾರ ಇಂಗ್ಲೆಂಡಿನಿಂದ ಹೊಸ ಮಾಹಿತಿ ಬಂದ ಕೂಡಲೇ ಸೇತುವೆ ವಾಪಸ್ಸು ಬಂದು ಕೂತಿರುತ್ತಿತ್ತು. ಮತ್ತೆ ಅಳಿಸುತ್ತಿದ್ದೆ. ಅಲ್ಲಿನ ಅಧಿಕಾರಿಗೆ ಪತ್ರ ಬರೆದರೆ, ಪರಿಶೀಲಿಸುತ್ತೇವೆ ಎಂದು ಬಹಳ ಸೌಜನ್ಯದ ಉತ್ತರ ಬರುತ್ತಿತ್ತು. ಮುಂದಿನ ಸೋಮವಾರ ಸೇತುವೆಯೂ ಬರುತ್ತಿತ್ತು.

ನಾನು ಇದ್ದದ್ದು ಗೋಥೆನ್‌ಬರ್ಗಿನಲ್ಲಲ್ಲ. ಅಲ್ಲಿ ಬಾಡಿಗೆ ಮನೆ ಸಿಗುವುದು ಕಷ್ಟ. ಲೋಕಲ್ ರೈಲಿನಲ್ಲಿ ಅರ್ಧ ಗಂಟೆ ದೂರದ, ನದಿ ದಡದ್ದೇ ಒಂದು ಊರಿನಲ್ಲಿ ಸಣ್ಣ ಮನೆ ಹಿಡಿದಿದ್ದೆ. ಅದೂ ಹಳೆಯ ಸಂತೆಯ ಊರೇ. ರೈಲು ನಿಲ್ದಾಣ ಮತ್ತು ಬಿಳಿ ಚರ್ಚು ಒಂದು ದಡದಲ್ಲಿ, ನಮ್ಮ ಮನೆಗಳು ಇನ್ನೊಂದು ದಡದಲ್ಲಿ. ಬಸ್ಸು ಕೆಳಗಿನ ರಸ್ತೆ ಸೇತುವೆಯಿಂದ ಸುತ್ತಿಕೊಂಡು ಬರುತ್ತದೆ. ಮೇಲುಗಡೆ ರೈಲಿನ ಸೇತುವೆ ಇದೆ, ಅದರ ಮೇಲೆ ಕಾಲುದಾರಿ ಇಲ್ಲ, ಹಳಿಗಳಷ್ಟೇ. ಎರಡು ಊರುಗಳ ಹೋಲಿಕೆಯನ್ನು ದೊಡ್ಡದು ಮಾಡಬೇಡಿ. ನದಿ ದಡದ ಊರುಗಳೆಲ್ಲ ಹೆಚ್ಚುಕಡಿಮೆ ಹೀಗೇ ಇರುತ್ತವೆ.

ಆ ಮನೆ ಹುಡುಕಿಕೊಟ್ಟವರು ನಮ್ಮ ಟೀಮ್ ಲೀಡ್ ಗುರುಪ್ರಸಾದ್. ಅವರು, ಅವರ ಹೆಂಡತಿ ವೀಣಾ, ನಾಲ್ಕು ವರ್ಷದ ಮಗಳು ಅನಘಾ ಅದೇ ಕಟ್ಟಡದ ಮೇಲಿನ ಅಂತಸ್ತಿನಲ್ಲಿದ್ದರು. ವೀಣಕ್ಕ ಮೈಸೂರಿನಲ್ಲಿ ಹಲ್ಲಿನ ಡಾಕ್ಟರಾಗಿದ್ದವರು. ಇಲ್ಲಿ ಅದೇ ಕೆಲಸ ಮಾಡಬೇಕಾದರೆ ಸ್ವೀಡಿಷ್ ಭಾಷೆ ಕಲಿತು ಮತ್ತೆ ಪರೀಕ್ಷೆ ಬರೆಯಬೇಕಿತ್ತು. ಅವರ ತರಗತಿ ಇದ್ದ ದಿನಗಳಲ್ಲಿ ಅನಘಾಳನ್ನು ಡಾಗಿಸ್‌ನಿಂದ, ಅಂದರೆ ನಮ್ಮ ಮನೆಗಳ ದಡದಲ್ಲೇ ಇದ್ದ ಶಿಶುವಿಹಾರದಿಂದ, ಕರೆದುಕೊಂಡು ಬರುವುದು ನನ್ನ ಕೆಲಸ. ಮಗುವನ್ನು ಯಾರ ಕೈಗೆ ಕೊಡಬಹುದು ಎಂದು ಡಾಗಿಸ್‌ನವರು ಒಂದು ಪಟ್ಟಿ ಇಟ್ಟಿರುತ್ತಾರೆ. ಅಪ್ಪ, ಅಮ್ಮ ಆದ ಮೇಲೆ ಮೂರನೆಯ ಹೆಸರು ನನ್ನದು. ನನಗೆ ಸ್ವೀಡನ್ನಿನಲ್ಲಿ ಬೇರೆ ಯಾರೂ ಇರಲಿಲ್ಲ. ಆ ಮೂರನೆಯ ಸಾಲಿನಲ್ಲಿ ಇರುವುದು ನನಗೆ ಎಷ್ಟು ಮುಖ್ಯವಾಗಿತ್ತು ಎಂಬುದನ್ನು ಆಗ ಯಾರಿಗೂ ಹೇಳಿಕೊಂಡಿರಲಿಲ್ಲ.

ನವೆಂಬರಿನ ಒಂದು ಬುಧವಾರ. ಗುರು ಕೆಲಸದ ಮೇಲೆ ಅದೇ ಇಂಗ್ಲೆಂಡಿನ ಊರಿಗೆ ಹೋಗಿದ್ದರು. ವೀಣಕ್ಕನಿಗೆ ಗೋಥೆನ್‌ಬರ್ಗಿನಲ್ಲಿ ಸಂಜೆಯವರೆಗೂ ಪರೀಕ್ಷೆ. ಅದಕ್ಕೂ ಮುಂಚೆ ಎರಡು ಸಲ ರೈಲು ಕೈಕೊಟ್ಟು ಅವರು ಮಗುವನ್ನು ತಡವಾಗಿ ಕರೆದುಕೊಂಡು ಬಂದಿದ್ದರು. ಡಾಗಿಸ್‌ನ ಮುಖ್ಯಸ್ಥೆ ಕರೆಸಿ ಮಾತಾಡಿದ್ದರು. ಮೂರನೆಯ ಸಲವಾದರೆ ಕಮ್ಯೂನ್‌ಗೆ, ಅಂದರೆ ಅಲ್ಲಿನ ನಗರಸಭೆಗೆ, ತಿಳಿಸಬೇಕಾಗುತ್ತದೆ ಎಂದಿದ್ದರು. ತಿಳಿಸಿದರೆ ಏನಾಗುತ್ತದೆ ಎಂದು ನಮಗೆ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಆದರೆ ಹಬ್ಬದೂಟಕ್ಕೆ ಸೇರಿದ ಕನ್ನಡದವರು, ಮಗುವನ್ನೇ ಎತ್ತಿಕೊಂಡು ಹೋಗುತ್ತಾರೆ ಎಂದು ಒಬ್ಬರಿಗಿಂತ ಒಬ್ಬರು ಹೆದರಿಸಿಟ್ಟಿದ್ದರು. ಬೆಳಿಗ್ಗೆ ಪರೀಕ್ಷೆಗೆ ಹೊರಟ ವೀಣಕ್ಕ ಮೆಟ್ಟಿಲಲ್ಲಿ ನಿಂತು ಹೇಳಿದ್ದು ನೆನಪಿದೆ.

“ಐದೂವರೆ ಕಣೇ. ಒಂದು ನಿಮಿಷ ಆಚೆ ಈಚೆ ಆಗ್ಬಾರ್ದು. ನಿನ್ನ ನಂಬ್ಕೊಂಡು ಫೋನ್ ಆಫ್ ಮಾಡ್ತಿದೀನಿ.”

ನಾನು ಬೇಗನೇ ಹೊರಟೆ. ಆದರೆ ಹಿಂದಿನ ದಿನದ ಹಿಮ ಕರಗಿ, ಮತ್ತೆ ಹೆಪ್ಪುಗಟ್ಟಿ, ಎಲ್ಲೋ ಹಳಿಯ ಕೀಲು ಸಿಕ್ಕಿಕೊಂಡಿತ್ತು. ರೈಲು ಬಯಲಿನ ಮಧ್ಯೆ ನಿಂತಿತು. ಸ್ಪೀಕರಿನಲ್ಲಿ ಕ್ಷಮೆ ಕೇಳಿದರು. ಮತ್ತೆ ಸ್ವಲ್ಪ ಹೊತ್ತಿಗೆ ಕ್ಷಮೆ ಕೇಳಿದರು. ಸ್ವೀಡನ್ನಿನಲ್ಲಿ ಕ್ಷಮೆಗೆ ಬರವಿಲ್ಲ. ಸುತ್ತಲಿನವರು ಪುಸ್ತಕ ಓದುತ್ತ ಕೂತಿದ್ದರು, ಯಾರಿಗೂ ಮನೆಯೇ ಇಲ್ಲವೇನೋ ಎನ್ನುವ ಹಾಗೆ. ನಾನು ಡಾಗಿಸ್‌ಗೆ ಫೋನ್ ಮಾಡಿದೆ. ಬಿರ್ಗಿಟ್ಟಾ ಎಂಬ ಶಿಕ್ಷಕಿ ಇದ್ದಳು. ಅನಘಾ ಒಬ್ಬಳೇ ಉಳಿದಿದ್ದಾಳೆ, ಐದೂವರೆಗೆ ಯಾರೂ ಬರದಿದ್ದರೆ ಮುಖ್ಯಸ್ಥೆಗೆ ಫೋನ್ ಮಾಡಲೇಬೇಕು, ಅದು ನಿಯಮ ಎಂದಳು. ಬರುತ್ತೇನೆ ಎಂದೆ.

ನಮ್ಮ ಊರಿನಲ್ಲಿ ಇಳಿದಾಗ ಐದೂಕಾಲು. ಗಡಿಯಾರವನ್ನು ನಿಲ್ದಾಣದಲ್ಲೂ ನೋಡಿದೆ, ಕೈಯಲ್ಲೂ ನೋಡಿದೆ. ಹೊರಗೆ ಬಸ್ಸಿರಲಿಲ್ಲ. ರಸ್ತೆ ಸೇತುವೆಯ ಮೇಲೆ ಲಾರಿಯೊಂದು ಅಡ್ಡ ಬಿದ್ದು ಸೇತುವೆಯನ್ನೇ ಮುಚ್ಚಿದ್ದಾರೆ ಎಂದು ಯಾರೋ ಹೇಳಿದರು. ನಡೆದೂ ಹೋಗಲು ಬಿಡುವುದಿಲ್ಲವಂತೆ. ಜನ ಸಾಲಾಗಿ, ಗಲಾಟೆಯಿಲ್ಲದೆ, ಇಲ್ಲದ ಬಸ್ಸಿಗೆ ಕಾಯುತ್ತ ನಿಂತಿದ್ದರು. ನನಗೆ ಆ ಸಾಲನ್ನು ಕಂಡು ಅಳು ಬರುವಷ್ಟು ಸಿಟ್ಟು ಬಂತು.

ಮುಂದಿನದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ನಾನು ಯೋಚನೆ ಮಾಡಲಿಲ್ಲ. ಚರ್ಚಿನ ಕಡೆ ಓಡಿದೆ. ‘ಇವತ್ತು ಬುಧವಾರ, ಚರ್ಚಿನ ಹಿಂದೆ ಹೋಗಿ, ಕಾಲುಸೇತುವೆ ದಾಟಿ, ಐದು ನಿಮಿಷ’ ಎಂಬುದು ನನ್ನ ತಲೆಯಲ್ಲಿತ್ತು. ಆ ಸಾಲನ್ನು ನಾನು ಎಷ್ಟು ಸಲ ಓದಿದ್ದೆ, ಎಷ್ಟು ಸಲ ಅಳಿಸಿದ್ದೆ ಎಂದರೆ ಅದು ಯಾವ ಊರಿನದು ಎಂಬುದು ಆ ಹೊತ್ತಿನಲ್ಲಿ ಹೊಳೆಯಲೇ ಇಲ್ಲ. ಚರ್ಚಿನ ಗೋಡೆ ಸುತ್ತಿ ಹಿಂದಕ್ಕೆ ಹೋದೆ. ಸೇತುವೆ ಇತ್ತು.

ಮರದ ಹಲಗೆಗಳು. ಎರಡೂ ಕಡೆ ಸೊಂಟದೆತ್ತರದ ಕಬ್ಬಿಣದ ಕಂಬಿ. ಇಬ್ಬರು ಎದುರುಬದುರಾದರೆ ಒಬ್ಬರು ಪಕ್ಕಕ್ಕೆ ಸರಿಯಬೇಕು, ಅಷ್ಟೇ ಅಗಲ. ಆಚೆ ತುದಿಯಲ್ಲಿ ಒಂದು ದೀಪ. ನಿಲ್ದಾಣದಿಂದ ಚರ್ಚಿನವರೆಗೆ ಎರಡು ಸಲ ಜಾರಿದ್ದೆ. ಹಲಗೆಗಳ ಮೇಲೆ ಮಾತ್ರ ಮಂಜುಗಡ್ಡೆ ಇರಲಿಲ್ಲ, ಬರೀ ಒದ್ದೆ. ಇಲ್ಲಾದರೂ ಉಪ್ಪು ಹಾಕಿದ್ದಾರಲ್ಲ ಎಂದುಕೊಂಡು ಓಡಿದೆ. ಕಾಲ ಕೆಳಗೆ ಏನೋ ಮೆತ್ತಗೆ ಸಿಕ್ಕಿತು, ಬೈದುಕೊಂಡೆ. ಆಚೆ ತುದಿಯ ದೀಪದ ಕೆಳಗೆ ಒಂದು ತಗಡಿನ ಹಲಗೆ ಇತ್ತು. ಸಂತೆಯ ದಿನ ಈ ಸೇತುವೆಯ ಮೇಲೆ ಕುರಿಗಳನ್ನು ಹೊಡೆದುಕೊಂಡು ಹೋಗಬಾರದು ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಓದಿದೆ, ಅರ್ಥವಾಯಿತು, ಮುಂದೆ ಓಡಿದೆ. ದಿನವಿಡೀ ಇಂಗ್ಲಿಷಿನಲ್ಲಿ ಅಂಥದ್ದನ್ನೇ ಓದುವವಳಿಗೆ ಅದು ವಿಶೇಷ ಅನಿಸಲಿಲ್ಲ.

ಡಾಗಿಸ್‌ನ ಬಾಗಿಲು ತೆರೆದಾಗ ಐದೂವರೆಗೆ ಇನ್ನೂ ಸ್ವಲ್ಪ ಇತ್ತು. ಅನಘಾ ದಪ್ಪ ಅಂಗಿ, ಟೋಪಿ ಎಲ್ಲ ಹಾಕಿಕೊಂಡು ಬೆಂಚಿನ ಮೇಲೆ ಕೂತಿದ್ದಳು. “ಎಲ್ಲಾ ಹೋದ್ರು ಆಂಟಿ” ಎಂದಳು, ದೂರುವ ಹಾಗಲ್ಲ, ವರದಿ ಒಪ್ಪಿಸುವ ಹಾಗೆ. ಅಲ್ಲಿ ಒಳಗೆ ಹೋಗುವವರು ಶೂ ಮೇಲೆ ನೀಲಿ ಪ್ಲಾಸ್ಟಿಕ್ ಚೀಲ ಹಾಕಿಕೊಳ್ಳಬೇಕು. ನಾನು ಹಾಕಿಕೊಳ್ಳುವಾಗ ಬಿರ್ಗಿಟ್ಟಾ ಮೂಗು ಸೊಟ್ಟ ಮಾಡಿ, ಯಾವ ಹಟ್ಟಿಯಿಂದ ಬಂದೆ ಎಂದು ನಕ್ಕಳು. ಶೂ ತುಂಬ ಹಿಕ್ಕೆ ಮೆತ್ತಿತ್ತು. ಕಾಗದದಿಂದ ಒರೆಸಿ, ಸಹಿ ಹಾಕಿ, ಮಗುವಿನ ಕೈ ಹಿಡಿದು ಮನೆಗೆ ಬಂದೆ. ಬಿಸಿಬಿಸಿ ಅನ್ನಕ್ಕೆ ತುಪ್ಪ ಹಾಕಿ ತಿನ್ನಿಸಿದೆ. ಒಂದು ಕೆಲಸ ಸರಿಯಾಗಿ ಮಾಡಿದೆ ಎಂಬ ಸಮಾಧಾನದಿಂದ ಕೂತಿದ್ದೆ.

ವೀಣಕ್ಕ ಬಂದದ್ದು ಎಂಟರ ಮೇಲೆ. ಬಾಗಿಲಲ್ಲೇ ಮಗಳನ್ನು ಎತ್ತಿಕೊಂಡು ಅಪ್ಪಿಕೊಂಡರು. ಮೂರು ಗಂಟೆ ಕಾಲ ಸೇತುವೆ ಮುಚ್ಚಿತ್ತಂತೆ, ನಿಲ್ದಾಣದಲ್ಲಿ ಎಲ್ಲರೊಂದಿಗೆ ಅವರೂ ಕೂತಿದ್ದರಂತೆ. ಆಮೇಲೆ ನನ್ನ ಕಡೆ ತಿರುಗಿದರು.

“ಅಲ್ಲ, ನೀನು ಹೆಂಗೆ ಬಂದೆ?”

“ಚರ್ಚ್ ಹಿಂದಿನ ಸೇತುವೆಯಿಂದ.”

“ಯಾವ ಸೇತುವೆ?”

ನಾನು ಉತ್ತರಕ್ಕೆ ಬಾಯಿ ತೆರೆದೆ. ಆಗ ಗೊತ್ತಾಯಿತು. ಆ ಊರಿನಲ್ಲಿ ಎಂಟು ತಿಂಗಳಿನಿಂದ ಇದ್ದೆ. ಎಷ್ಟೋ ಭಾನುವಾರ ಆ ದಡದಲ್ಲಿ ನಡೆದಿದ್ದೆ. ಚರ್ಚಿನ ಹಿಂದೆ ಸೇತುವೆ ಇಲ್ಲ.

ಮಾರನೆಯ ದಿನ ಮಗುವನ್ನು ಡಾಗಿಸ್‌ಗೆ ಬಿಟ್ಟು ಇಬ್ಬರೂ ಬಸ್ಸಿನಲ್ಲಿ ಆ ಕಡೆಗೆ ಹೋಗಿ ನೋಡಿದೆವು. ಸಮಾಧಿಗಳು, ತಗ್ಗಿನ ಗೋಡೆ, ಅದರಾಚೆ ಜೊಂಡು, ಕಪ್ಪು ನೀರು. ಎದುರು ದಡದಲ್ಲಿ ಪೊದೆ. ಕಂಬವಿಲ್ಲ, ಕಲ್ಲಿಲ್ಲ, ದೀಪವಿಲ್ಲ. ನನ್ನ ಹೆಜ್ಜೆ ಗುರುತು ಗೋಡೆಯವರೆಗೆ ಇದ್ದಿರಬಹುದು, ರಾತ್ರಿ ಮತ್ತೆ ಹಿಮ ಬಿದ್ದು ಅದೂ ಮುಚ್ಚಿತ್ತು. ನಾನು ನೀರನ್ನು ನೋಡುತ್ತಿದ್ದೆ. ವೀಣಕ್ಕ ನೀರನ್ನು ನೋಡುತ್ತಿರಲಿಲ್ಲ. ಮೇಲುಗಡೆ, ಅಲ್ಲಿಂದ ಸ್ಪಷ್ಟವಾಗಿ ಕಾಣುವ ರೈಲಿನ ಸೇತುವೆಯನ್ನು ನೋಡುತ್ತಿದ್ದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಪರೀಕ್ಷೆಯ ಬಗ್ಗೆ ಮಾತಾಡಿದರು.

ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಲೆಕ್ಕ ಹಾಕುತ್ತಿದ್ದೆ. ರಸ್ತೆ ಸೇತುವೆ ಮುಚ್ಚಿತ್ತು. ಈಜಿ ಬಂದಿರಲು ಸಾಧ್ಯವಿಲ್ಲ. ಉಳಿದದ್ದು ಒಂದೇ ದಾರಿ, ಕತ್ತಲಲ್ಲಿ, ಮಂಜುಗಡ್ಡೆಯ ಮೇಲೆ, ರೈಲು ಬರುವ ಹಳಿಗಳ ನಡುವೆ. ಅಂಥ ಕೆಲಸ ಮಾಡುವವಳು ಮಗುವನ್ನು ಕರೆದುಕೊಂಡೂ ಒಂದು ದಿನ ಮಾಡಬಹುದು. ಮಾಡಿದ್ದಲ್ಲದೆ, ಇಲ್ಲದ ಸೇತುವೆಯ ಕಥೆ ಬೇರೆ ಕಟ್ಟುತ್ತಾಳೆ. ಶೂಗೆ ಮೆತ್ತಿದ್ದ ಹಿಕ್ಕೆಯ ಬಗ್ಗೆ ಹೇಳಿದೆ. ನಾಯಿಯದೋ ಏನೋ ಇರಬೇಕು ಬಿಡು ಎಂದರು. ಬಿರ್ಗಿಟ್ಟಾಳನ್ನು ಕೇಳಿ ಎಂದೆ. ಕೇಳಲಿಲ್ಲ.

ನಾನು ಸುಮ್ಮನೆ ಕೂರಲಿಲ್ಲ. ಕಮ್ಯೂನ್‌ಗೆ ಫೋನ್ ಮಾಡಿದೆ. ಒಬ್ಬರಿಂದ ಒಬ್ಬರಿಗೆ ದಾಟಿಸಿ ಕೊನೆಗೆ ರಸ್ತೆ ವಿಭಾಗದ ಒಬ್ಬ ಸಮಾಧಾನದ ಮನುಷ್ಯ ಸಿಕ್ಕಿದ. ತನಗೆ ತಿಳಿದಂತೆ ಅಲ್ಲಿ ಎಂದೂ ಸೇತುವೆ ಇರಲಿಲ್ಲ ಎಂದ. ಆಮೇಲೆ, ಅಲ್ಲೊಂದು ಸೇತುವೆ ಬೇಕೆಂದು ಅನಿಸಿದರೆ ನಾಗರಿಕರು ಸಲಹೆ ಕೊಡಬಹುದು, ಅರ್ಜಿ ಕಳಿಸಲೇ ಎಂದು ಕೇಳಿದ. ಬೇಡ ಎಂದೆ. ಆದರೂ ಕಳಿಸಿದ.

ಗುರು ಇಂಗ್ಲೆಂಡಿನಿಂದ ಬಂದ ದಿನ ಆಫೀಸಿನ ಕಾಫಿ ಮೇಜಿನಲ್ಲಿ ಎಲ್ಲವನ್ನೂ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, “ಬಗ್ ಫಿಕ್ಸ್ ಮಾಡು ಅಂದ್ರೆ, ಬಗ್ ಮೇಲೇ ನಡ್ಕೊಂಡು ಬಂದ್ಯಲ್ಲಮ್ಮ” ಎಂದರು. ನಗುತ್ತಲೇ, ಅಲ್ಲಿನವರನ್ನು ವಿಚಾರಿಸುತ್ತೇನೆ ಎಂದು ಮಾತು ಕೊಟ್ಟರು, ಕೊಟ್ಟ ಮಾತಿನಂತೆ ವಿಚಾರಿಸಿದರು ಕೂಡ. ಹಳೆಯ ಕಾಲುಸೇತುವೆಯ ಮೇಲೆ ಕುರಿಗಳ ಬಗ್ಗೆ ಹಲಗೆ ಇತ್ತು ಎಂದು ಆ ಊರಿನ ಒಬ್ಬ ಮುದುಕ ಹೇಳಿದನಂತೆ. ಅಂಥದ್ದು ಇರಲೇ ಇಲ್ಲ, ಹಲಗೆ ಇದ್ದದ್ದು ಕಲ್ಲಿನ ಸೇತುವೆಯ ಮೇಲೆ ಎಂದು ಅವನ ತಂಗಿ ಜಗಳಕ್ಕೆ ನಿಂತಳಂತೆ. ಇಬ್ಬರ ವಾದ ಮುಗಿಯುವವರೆಗೆ ಕಾಯಲು, ಗುರು ಪರವಾಗಿ ವಿಚಾರಿಸಿದ ಅಲ್ಲಿನ ಅಧಿಕಾರಿಗೆ ಪುರುಸೊತ್ತಿರಲಿಲ್ಲ. ನನಗೆ ಸಿಕ್ಕ ಸಾಕ್ಷ್ಯ ಅಷ್ಟೇ. ಹೌದು ಎನ್ನುವವರು ಒಬ್ಬರು, ಇಲ್ಲ ಎನ್ನುವವರು ಒಬ್ಬರು. ಇದನ್ನು ಯಾವ ಕಡೆಗೆ ಗೀಟು ಹಾಕಬೇಕು?

ಮುಂದಿನ ವಾರ ವೀಣಕ್ಕನ ತರಗತಿಯ ದಿನ ನಾನು ಎಂದಿನಂತೆ ಡಾಗಿಸ್‌ಗೆ ಹೋದೆ. ಬಿರ್ಗಿಟ್ಟಾ ಬಾಗಿಲಿಗೇ ಬಂದಳು. ನನಗೆ ಅರ್ಥವಾಗಲಿ ಎಂದು ಸ್ವೀಡಿಷ್ ಮಾತನ್ನು ಒಂದೊಂದಾಗಿ ಬಿಡಿಸಿ ಹೇಳಿದಳು. ಪಟ್ಟಿ ಬದಲಾಗಿದೆ. ಈಗ ಅದರಲ್ಲಿ ಎರಡೇ ಹೆಸರು. ಅವಳಿಗೂ ಕಸಿವಿಸಿಯಾಗಿತ್ತು. ಒಳಗಿನಿಂದ ಅನಘಾ ನನ್ನನ್ನು ನೋಡಿ ಟೋಪಿ ಹಾಕಿಕೊಳ್ಳಲು ಶುರು ಮಾಡಿದಳು. ಇವತ್ತು ಅಮ್ಮ ಬರ್ತಾರೆ ಪುಟ್ಟಾ ಎಂದು ಹೇಳಿ ವಾಪಸ್ಸು ಬಂದೆ.

ಯೋಚಿಸಿ ನೋಡಿ. ತಡವಾಗಿ ಹೋಗಿದ್ದರೆ ಆ ಹೆಸರು ಉಳಿಯುತ್ತಿತ್ತು. ರೈಲು, ಲಾರಿ, ಹಿಮ, ಕಾರಣಗಳಿಗೇನು ಕೊರತೆ? ಎಲ್ಲರೂ ನಂಬುತ್ತಿದ್ದರು. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿದ್ದಕ್ಕೆ ಹೆಸರು ಹೋಯಿತು.

ವೀಣಕ್ಕ ಜಗಳವಾಡಲಿಲ್ಲ. ಮೆಟ್ಟಿಲಲ್ಲಿ ಸಿಕ್ಕರೆ ಮಾತಾಡಿಸುತ್ತಿದ್ದರು, ಯುಗಾದಿಗೆ ಹೋಳಿಗೆ ಕಳಿಸುತ್ತಿದ್ದರು, ಡಬ್ಬಿಯನ್ನು ಗುರು ಕೈಯಲ್ಲಿ ಕೊಟ್ಟು. ಮಗುವನ್ನು ಮಾತ್ರ ನನ್ನ ಜೊತೆ ಒಬ್ಬಳನ್ನೇ ಬಿಡುತ್ತಿರಲಿಲ್ಲ. ಹೀಗೆ ಎರಡು ವರ್ಷ. ಆಮೇಲೆ ಅವರು ಮೈಸೂರಿಗೇ ವಾಪಸ್ಸು ಹೋಗುವುದೆಂದು ನಿರ್ಧಾರವಾಯಿತು. ಹೊರಡುವ ಮುಂಚೆ ವೀಣಕ್ಕ ತಮ್ಮ ಕುಕ್ಕರು, ಒಗ್ಗರಣೆ ಸೌಟು, ಅರ್ಧ ಚೀಲ ಸೋನಾಮಸೂರಿ ಎಲ್ಲ ತಂದು ನನ್ನ ಅಡಿಗೆಮನೆಯಲ್ಲಿ ಇಟ್ಟರು. ಇಟ್ಟ ಮೇಲೂ ಹೋಗಲಿಲ್ಲ.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಅವತ್ತು ರೈಲ್ ಬ್ರಿಜ್ ಮೇಲೆ ತಾನೇ ಬಂದಿದ್ದು?”

ನಾನು ಕುಕ್ಕರನ್ನು ಒಲೆಯ ಪಕ್ಕಕ್ಕೆ ಸರಿಸಿದೆ.

“ನಮ್ಮ ಅನಘಂಗೋಸ್ಕರ ಅಂತ ನಂಗೊತ್ತು ಕಣೇ. ನೀನು ಬಂದಿದ್ದಕ್ಕೆ ನಂಗೆ ಸಿಟ್ಟಿಲ್ಲ. ಸುಳ್ಳು ಹೇಳಿದ್ಯಲ್ಲ, ಅದಕ್ಕೆ. ಒಂದು ಸಲ ಹೌದು ಅಂದ್ಬಿಡು, ಮುಗೀತು.”

ಅವರ ಕಣ್ಣು ತುಂಬಿತ್ತು. ಮರುದಿನ ಬೆಳಿಗ್ಗೆ ಅವರ ವಿಮಾನ. ಎರಡು ವರ್ಷ ನಾನು ಹಿಡಿದುಕೊಂಡಿದ್ದ ನಿಜದಿಂದ ಯಾರಿಗೂ ಮೂರು ಕಾಸಿನ ಉಪಯೋಗವಾಗಿರಲಿಲ್ಲ.

“ಹೌದು ವೀಣಕ್ಕ” ಎಂದೆ. “ರೈಲ್ ಬ್ರಿಜ್ ಮೇಲೇ ಬಂದೆ.”

ಅವರು ನನ್ನನ್ನು ಅಪ್ಪಿಕೊಂಡು ಅತ್ತರು. ಬೆನ್ನಿಗೆ ಒಂದು ಪೆಟ್ಟು ಕೊಟ್ಟು, ಹುಚ್ಚಿ ಎಂದರು. ಆ ರಾತ್ರಿ ಊಟಕ್ಕೆ ಅವರ ಮನೆಗೆ ಕರೆದರು. ಗುರುಗೆ ಇನ್ನೂ ಸಾಮಾನು ಕಟ್ಟುವುದಿತ್ತು, ವೀಣಕ್ಕ ಅಡಿಗೆಗೆ ಮುಂಚೆ ಅಂಗಡಿಗೆ ಹೋಗಿ ಬರಬೇಕಿತ್ತು. ಅನಘಾಳನ್ನು ನನ್ನ ಜೊತೆ ಬಿಟ್ಟು ಹೋದರು.

ನಾನು ರೈಲಿನ ಸೇತುವೆಯ ಮೇಲೆ ಕಾಲಿಟ್ಟಿಲ್ಲ. ಇದನ್ನು ಓದುವವರಿಗಾದರೂ ಹೇಳಬೇಕೆನಿಸಿತು. ಮರದ ಹಲಗೆಗಳ ಮೇಲೆ ಬಂದೆ, ಅವು ಒದ್ದೆಯಾಗಿದ್ದವು, ಜಾರುತ್ತಿರಲಿಲ್ಲ. ಸುಸ್ತಿನಲ್ಲಿ ಮನಸ್ಸು ಏನೋ ಕಲ್ಪಿಸಿಕೊಂಡಿತು ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಆದರೆ ಮನಸ್ಸು ಕಲ್ಪಿಸಿಕೊಂಡ ಸೇತುವೆಯನ್ನು ದಾಟಿ ಒಂದು ನಿಜವಾದ ಮಗುವಿನ ಕೈ ಹಿಡಿಯುವುದು ಹೇಗೆ ಎಂದು ಯಾರಾದರೂ ತಿಳಿಸಿದರೆ ಉಪಕಾರವಾಗುತ್ತದೆ.

ಈಗ ನಾನು ಸ್ವೀಡನ್ನಿನಲ್ಲೇ, ಮಾಲ್ಮೋದಲ್ಲಿದ್ದೇನೆ, ಬೇರೆ ಕೆಲಸ. ವೀಣಕ್ಕ ಭಾನುವಾರಗಳಲ್ಲಿ ಫೋನ್ ಮಾಡುತ್ತಾರೆ. ಮನೆಗೆ ಯಾರಾದರೂ ನೆಂಟರು ಬಂದಿದ್ದರೆ ಅವರಿಗೂ ಆ ಕಥೆ ಹೇಳುತ್ತಾರೆ, ನನಗೆ ಕೇಳಿಸುತ್ತಿರುತ್ತದೆ: ಮಗುವಿಗೋಸ್ಕರ ಈ ಹುಡುಗಿ ಕತ್ತಲಲ್ಲಿ, ಹಳಿಗಳ ಮೇಲೆ, ಹಿಮದಲ್ಲಿ. ಪ್ರತಿ ಸಲವೂ ಸೇತುವೆ ಸ್ವಲ್ಪ ಉದ್ದವಾಗುತ್ತದೆ. ಹೋದ ತಿಂಗಳು ಎದುರಿನಿಂದ ಒಂದು ರೈಲೂ ಬಂತು. “ಅಲ್ವೇನೇ?” ಎಂದು ಕೇಳುತ್ತಾರೆ. ನಾನು ಹೂಂ ಎನ್ನುತ್ತೇನೆ.